ಕತ್ತಲಂಗಡಿಯ ಕಂದಾಯ

"ಅವ್ವ, ಮೂರು ತಿಂಗಳಿಂದ ನನಗೆ ಒಮ್ಮೆಯೂ ಸಿಟ್ಟು ಬಂದಿಲ್ಲ," ಎಂದ ಶಿಷ್ಯ. "ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಇದ್ದೇನೆ. ಯಾರ ಮುಖವನ್ನೂ ನೋಡುವುದಿಲ್ಲ, ಯಾರೊಡನೆಯೂ ಮಾತಿಲ್ಲ. ಅಲ್ಲಿಗೆ ನಾನು ಸಿಟ್ಟನ್ನು ಗೆದ್ದ ಹಾಗೆಯೇ ಅಲ್ಲವೇ?"

ಮಠದ ಹಿರಿಯ ಅವ್ವ ಅವನನ್ನು ಒಮ್ಮೆ ನೋಡಿದರು. "ಇದು ಹೊಸಿಲ ಮೇಲೆ ನಿಂತು ಕೇಳುವ ಮಾತಲ್ಲ ಮಗು. ಒಳಗೆ ಬಾ, ಗೋಡೆಗೆ ಒರಗಿ ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ," ಎಂದು ಶುರು ಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವರ್ತಕನಿದ್ದ. ಮೂರಂತಸ್ತಿನ ಅಂಗಡಿ. ಅದನ್ನು ಕಟ್ಟಿಸುವಾಗ ಅವನ ಅಪ್ಪ ಉತ್ತರದ ಗೋಡೆಗೆ ಸಾಲಾಗಿ ದೊಡ್ಡ ದೊಡ್ಡ ಕಿಟಕಿ ಇಡಿಸಿದ್ದ. ಮಗನ ಕಾಲ ಬಂತು. ಕಿಟಕಿ ಇದ್ದ ಕಡೆ ಸೀರೆ ಜೋಡಿಸಲು ಬರುವುದಿಲ್ಲವೆಂದು ಅವನು ಎಲ್ಲಕ್ಕೂ ಹಲಗೆ ಹೊಡೆಸಿ, ಹಲಗೆಯ ಮುಂದೆ ಬೀರು ನಿಲ್ಲಿಸಿದ. ಅಂದಿನಿಂದ ಹಾಡಹಗಲಲ್ಲೂ ನಲವತ್ತು ಟ್ಯೂಬ್‌ಲೈಟು ಉರಿಯಬೇಕು. ಗಾಳಿಯಾಡದ್ದಕ್ಕೆ ಇಪ್ಪತ್ತು ಫ್ಯಾನು ತಿರುಗಬೇಕು. ಅಷ್ಟು ಉರಿದರೂ ಆ ಬೆಳಕಿನಲ್ಲಿ ಯಾವುದು ನೀಲಿ, ಯಾವುದು ನೇರಳೆ ಎಂದು ಹೆಂಗಸರಿಗೆ ನಂಬಿಕೆಯಿಲ್ಲ. ಸೀರೆಯನ್ನು ಬೀದಿಗೆ ಎತ್ತಿಕೊಂಡು ಹೋಗಿ, ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಒಳಗೆ ಬಂದು ಚೌಕಾಸಿಗೆ ಕೂರುವರು. ಆ ಪೇಟೆಯ ರೂಢಿ ಹಾಗೆ.

ಒಂದು ವರ್ಷ ಪುರಸಭೆಯವರು ಮೈಕು ಕಟ್ಟಿ ಸಾರಿಸಿದರು. ಯಾವ ಅಂಗಡಿ ಕಟ್ಟಡ ತನ್ನ ಕರೆಂಟನ್ನು ಅರ್ಧಕ್ಕೆ ಇಳಿಸುತ್ತದೋ, ಅದಕ್ಕೆ ಮೂರು ವರ್ಷ ಅರ್ಧ ಕಂದಾಯ ಮಾಫಿ. ಎರಡು ತಿಂಗಳ ಮೀಟರು ನೋಡುತ್ತಾರೆ, ಆಮೇಲೆ ಅಧಿಕಾರಿ ಬಂದು ಕಟ್ಟಡ ನೋಡುತ್ತಾನೆ.

ವರ್ತಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಾಫಿ ಸಿಗಬೇಕು ಎನ್ನುವುದು ಒಂದು. ಎದುರಿನ ಪಾತ್ರೆ ಅಂಗಡಿಯವನಿಗೆ ಸಿಕ್ಕು ತನಗೆ ಸಿಗದೆ ಹೋದರೆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ ಎನ್ನುವುದು ಅದಕ್ಕಿಂತ ದೊಡ್ಡದು.

ಅವನ ಹೆಂಡತಿ, "ಮಾವನವರು ಇಡಿಸಿದ ಕಿಟಕಿಗಳಿವೆಯಲ್ಲ, ಹಲಗೆ ಕೀಳಿಸಿ," ಎಂದಳು.

"ಬೀರು ಎಲ್ಲಿಡಲಿ? ನಿನ್ನ ತಲೆಯಲ್ಲೋ?"

"ನನ್ನದರಲ್ಲಿ ಜಾಗವಿಲ್ಲ. ನಿಮ್ಮದರಲ್ಲಿ ಬೇಕಾದಷ್ಟಿದೆ," ಎಂದು ಅವಳು ಒಳಗೆ ಹೋದಳು.

ವರ್ತಕ ಹಲಗೆ ಕೀಳಿಸಲಿಲ್ಲ. ನೇರವಾಗಿ ಹೋಗಿ ಮೇನ್ ಸ್ವಿಚ್ಚು ಇಳಿಸಿದ. ದೀಪವೂ ಹೋಯಿತು, ಫ್ಯಾನೂ ಹೋಯಿತು. ಗುಮಾಸ್ತ ಗಾಬರಿಯಾದ. "ಮೂವತ್ತು ವರ್ಷ ಸೀರೆ ಮಡಚಿದ್ದೀಯ, ನಿನಗೆ ಕಣ್ಣು ಯಾಕೆ ಬೇಕು?" ಎಂದ ವರ್ತಕ.

ಆ ಮಾತಿನಿಂದ ಗುಮಾಸ್ತ ಉಬ್ಬಿದ. ಮುಟ್ಟಿ ಇಳಕಲ್ ಎಂದ, ಮುಟ್ಟಿ ಮೊಳಕಾಲ್ಮೂರು ಎಂದ. ಒಂದೂ ತಪ್ಪಲಿಲ್ಲ. ಆದರೆ ನೇಯ್ಗೆ ಬೆರಳಿಗೆ ಸಿಕ್ಕುತ್ತದೆ, ಬಣ್ಣ ಸಿಕ್ಕಬೇಕಲ್ಲ. ಒಬ್ಬ ತಾಯಿ ಮಗಳ ಧಾರೆಗೆಂದು ಕೆಂಪು ಸೀರೆ ಕೇಳಿದಳು. ಹೊರಗೆ ಆಟೋ ಕಾಯುತ್ತಿತ್ತು, ಬಿಸಿಲಿಗೆ ಹಿಡಿದು ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ಮನೆಗೆ ಹೋಗಿ ಬೀಗರ ಮುಂದೆ ಬಿಚ್ಚಿದರೆ ಇದ್ದಿಲಿನಂಥ ಕಪ್ಪು. ಬೀಗರನ್ನೂ ಕರೆದುಕೊಂಡೇ ಅವಳು ಅಂಗಡಿಗೆ ಬಂದಳು. "ನಾನು ಕೇಳಿದ್ದು ಮದುಮಗಳಿಗೋ ಶನಿದೇವರಿಗೋ?" ಎಂದು ಬೀದಿಗೆಲ್ಲ ಕೇಳಿಸುವಂತೆ ವಿಚಾರಿಸಿದಳು. ಇನ್ನೊಬ್ಬ ಮುದುಕಿ ಮೂಲೆಯಲ್ಲಿದ್ದ ಗೊಂಬೆಯೊಡನೆ ಅರ್ಧ ಗಂಟೆ ಚೌಕಾಸಿ ಮಾಡಿದಳು. ಇಂಥ ಜಿಗುಟು ಮನುಷ್ಯನನ್ನು ಎಲ್ಲೂ ಕಂಡಿಲ್ಲ, ಒಂದು ರೂಪಾಯಿ ಇಳಿಯಲೊಲ್ಲ ಎಂದು ಬೈದುಕೊಂಡು ಹೊರಟುಹೋದಳು.

ಎರಡನೆಯ ತಿಂಗಳು ಮದುವೆಯ ಕಾಲ. ಇಡೀ ಪೇಟೆ ಗಿಜಿಗುಟ್ಟಿತು, ಆ ಅಂಗಡಿಗೆ ಮಾತ್ರ ನೊಣವೂ ಬರಲಿಲ್ಲ. ವರ್ತಕನಿಗೆ ಅದರ ಚಿಂತೆಯಿಲ್ಲ. ದಿನಾ ಬೆಳಿಗ್ಗೆ ಮೀಟರು ನೋಡುವನು, ಅಂಕಿ ನಿಂತಲ್ಲೇ ನಿಂತಿರುವುದು, ಕೈಮುಗಿಯುವನು.

ಅಧಿಕಾರಿ ಬಂದ. ಎರಡು ಹೆಜ್ಜೆ ಇಟ್ಟವನು ಬಟ್ಟೆಯ ಗಂಟು ಎಡವಿ ಅದರ ಮೇಲೆಯೇ ಕುಕ್ಕರಿಸಿದ. ಏಳುವ ಧೈರ್ಯ ಮಾಡಲಿಲ್ಲ.

"ದೀಪ ಹಾಕಿ ಯಜಮಾನರೇ."

"ಹಾಕಿದರೆ ಮೀಟರು ಓಡುತ್ತದೆ ಸ್ವಾಮಿ. ನಿಮ್ಮ ಮಾಫಿಗೆಂದು ಎರಡು ತಿಂಗಳು ಕಾಪಾಡಿದ್ದೇನೆ."

"ಗಿರಾಕಿಗಳೆಲ್ಲಿ?"

"ಬರುವುದಿಲ್ಲ ಸ್ವಾಮಿ. ಅದರಲ್ಲೂ ಉಳಿತಾಯವೇ."

ಕತ್ತಲಲ್ಲಿ ಅಧಿಕಾರಿ ನಕ್ಕದ್ದು ಕೇಳಿಸಿತು. "ಹಾಗಾದರೆ ಊರಾಚೆ ಬಿದ್ದುಹೋದ ಗೋದಾಮಿದೆಯಲ್ಲ, ಮೊದಲು ಅದಕ್ಕೆ ಮಾಫಿ ಕೊಡಬೇಕು. ಹತ್ತು ವರ್ಷದಿಂದ ಅಲ್ಲಿ ಒಂದು ದೀಪವೂ ಉರಿದಿಲ್ಲ. ವ್ಯಾಪಾರ ನಡೆಯುತ್ತಿದ್ದೂ ಕರೆಂಟು ಉಳಿದರೆ ಅದು ಕಟ್ಟಡದ ಗುಣ. ಎಲ್ಲಿ, ನನ್ನನ್ನು ಕೈ ಹಿಡಿದು ಬಾಗಿಲ ತನಕ ಬಿಡಿ."

ಅವನು ಅತ್ತ ಹೋದ. ಇತ್ತ ಪಾತ್ರೆ ಅಂಗಡಿಯವನು ಒಂದು ಪೊಟ್ಟಣ ಮೇಣದಬತ್ತಿ ಕಳಿಸಿಕೊಟ್ಟ, ದುಡ್ಡು ಬೇಡವೆಂದೂ ಹೇಳಿಕಳಿಸಿದ. ವರ್ತಕ ಅದನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಆಮೇಲೆ ಬಡಗಿಗೂ ಕಾಯದೆ ತಾನೇ ಬೀರು ಸರಿಸಿ ಹಲಗೆ ಕಿತ್ತ.

ಆ ವರ್ಷ ಪಾತ್ರೆ ಅಂಗಡಿಗೆ ಮಾಫಿ ಸಿಕ್ಕಿತು. ವರ್ತಕನಿಗೆ ಮರುವರ್ಷ ಸಿಕ್ಕಿತು, ಗಿರಾಕಿಗಳು ಮರಳಲು ಇನ್ನೊಂದು ವರ್ಷ ಬೇಕಾಯಿತು. ಮದುಮಗಳು ಬೇರೆ ಅಂಗಡಿಯ ಕೆಂಪು ಸೀರೆಯುಟ್ಟು ಧಾರೆಗೆ ನಿಂತಳು. ಗುಮಾಸ್ತ ಇವತ್ತಿಗೂ ಕಣ್ಣು ಮುಚ್ಚಿಕೊಂಡೇ ಸೀರೆ ತೆಗೆಯುತ್ತಾನೆ, ಕೊಡುವಾಗ ಮಾತ್ರ ತೆರೆಯುತ್ತಾನೆ. ವರ್ತಕನ ಹೆಂಡತಿ ಒಂದು ಕಿಟಕಿಯ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ನಾನು ಹೇಳಿರಲಿಲ್ಲವೇ ಎಂದು ಒಂದು ದಿನವೂ ಕೇಳಲಿಲ್ಲ, ಅದನ್ನು ಸಹಿಸುವುದೇ ವರ್ತಕನಿಗೆ ಕಷ್ಟವಾಯಿತು. ಅಧಿಕಾರಿ ಹಬ್ಬಕ್ಕೆ ಅಲ್ಲಿಯೇ ಸೀರೆ ಕೊಂಡ. ಅಷ್ಟು ಕಿಟಕಿಗಳ ಬೆಳಕಿದ್ದರೂ ಅವನ ಹೆಂಡತಿ ಅದನ್ನು ಬೀದಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡಿದಳು.

ಕತೆ ಮುಗಿಯಿತು. ಶಿಷ್ಯ ಇನ್ನೂ ನಗುತ್ತಿದ್ದ.

"ನಾಳೆಯಿಂದ ದಾಸೋಹದ ಪಂಕ್ತಿಯಲ್ಲಿ ಮುನ್ನೂರು ಜನಕ್ಕೆ ಸಾರು ಬಡಿಸುವ ಕೆಲಸ ನಿನ್ನದು, ಸಿಟ್ಟು ಗೆದ್ದೆಯೋ ಇಲ್ಲವೋ ಆಮೇಲೆ ನೋಡೋಣ," ಎಂದರು ಅವ್ವ.

ಶಿಷ್ಯನ ನಗು ನಿಂತಿತು.