ಹಸಿಮಣ್ಣಿನಲ್ಲಿ ಕಾಲೂರಿದ ದುಗ್ಗಪ್ಪ

ಒಂದು ಕಾಡಿನಲ್ಲಿ ನೀರು ಕುಡಿಯುವುದಕ್ಕೂ ಅಪ್ಪಣೆ ಬೇಕಾಗಿತ್ತು. ಬೇಸಿಗೆಯಲ್ಲಿ ಬತ್ತದ ಕೆರೆ ಆ ಕಾಡಿಗೆಲ್ಲ ಒಂದೇ. ಹುಲಿರಾಜ ಭೈರವ ಅದರ ದಂಡೆಯಲ್ಲಿ ಮಲಗಿಕೊಂಡು, ತನಗೆ ಮನಸ್ಸು ಬಂದಾಗ ಮಾತ್ರ ಪ್ರಾಣಿಗಳನ್ನು ನೀರಿಗೆ ಬಿಡುತ್ತಿದ್ದ. ಮನಸ್ಸು ಬಾರದ ದಿನಗಳೇ ಹೆಚ್ಚು.

ಕೆರೆಯ ಕಾವಲಿಗೆ ಕಾಡುಹಂದಿಗಳ ಪಡೆಯಿತ್ತು. ಪಡೆಯ ಮುಖ್ಯಸ್ಥ ದುಗ್ಗಪ್ಪ. ಅಗಲವಾದ ಎದೆ, ಮುರಿದ ಒಂದು ಕೋರೆ, ಮಾತು ಕಡಿಮೆ. ಅವನ ಅಪ್ಪನೂ ಇದೇ ಕಾವಲಿನಲ್ಲಿದ್ದು ಮುದಿಯಾಗಿ ಸತ್ತಿದ್ದ. ರಾಜ ಹೇಳಿದ್ದನ್ನು ಮಾಡುವುದು, ಕೊಟ್ಟ ಗೆಡ್ಡೆ ತಿನ್ನುವುದು, ಇಷ್ಟೇ ದುಗ್ಗಪ್ಪನಿಗೆ ಗೊತ್ತಿದ್ದದ್ದು. ಅದರಲ್ಲಿ ತಪ್ಪೇನಾದರೂ ಇದ್ದೀತು ಎಂದು ಅವನ ತಲೆಗೆ ಹೊಳೆದಿರಲಿಲ್ಲ.

ಒಂದು ದಿನ ಮುದುಕಿ ಜಿಂಕೆಯೊಂದು ತಡವರಿಸುತ್ತ ಕೆರೆಗೆ ಬಂತು.

"ಒಂದು ಗುಟುಕು ಕುಡ್ಕೊಂಡು ಹೋಗ್ತೀನಿ ಕಣಪ್ಪ" ಅಂದಿತು.

"ಅಪ್ಪಣೆ ಇಲ್ಲ ಕಣವ್ವ. ನಾಳೆ ಬಾ" ಅಂದ ದುಗ್ಗಪ್ಪ.

ಜಿಂಕೆಗೆ ನಾಳೆ ಬರಲಿಲ್ಲ. ನೀರಿಗೆ ಹತ್ತು ಹೆಜ್ಜೆ ದೂರದಲ್ಲಿ ಬಿದ್ದು, ಕೆರೆಯ ಕಡೆಗೇ ನೋಡುತ್ತ ಪ್ರಾಣ ಬಿಟ್ಟಿತು. ದುಗ್ಗಪ್ಪನಿಗೆ ನಾಚಿಕೆಯಾಯಿತು. ಹುಟ್ಟಿದಂದಿನಿಂದ ಅವನು ಅಷ್ಟು ನಾಚಿಕೆಪಟ್ಟದ್ದಿಲ್ಲ.

ಆ ವಾರವೇ ಕಾಡು ತಿರುಗಿಬಿತ್ತು. ಕಾಡುಕೋಣಗಳು ಮುಂದೆ ನಿಂತವು. ದುಗ್ಗಪ್ಪ ತನ್ನ ಪಡೆಯನ್ನು ಕರೆದುಕೊಂಡು ಹೋಗಿ ಅವುಗಳ ಪಕ್ಕ ನಿಂತ. ಕಾವಲಿಲ್ಲದ ರಾಜ ಎಷ್ಟು ಹೊತ್ತು ತಡೆದಾನು? ಮಧ್ಯಾಹ್ನದೊಳಗೆ ಸೆರೆಯಾದ.

ದೊಡ್ಡ ತೀರ್ಪುಗಳಿಗೆ ಆ ಕಾಡಿನಲ್ಲಿ ಒಂದು ಪದ್ಧತಿಯಿತ್ತು. ದೊಡ್ಡ ಬಂಡೆಯ ಮರೆಯಲ್ಲಿ, ಮಳೆ ತಾಗದ ಕಡೆ, ಜೇಡಿಮಣ್ಣನ್ನು ಹದವಾಗಿ ತುಳಿದು ಹರಡುತ್ತಿದ್ದರು. ಶಿಕ್ಷೆಗೆ ಒಪ್ಪಿದವರು ಬಂದು ಅದರಲ್ಲಿ ಬಲಗಾಲು ಊರಬೇಕು. ಒಪ್ಪದವರು ದೂರ ನಿಲ್ಲಬೇಕು. ಮಣ್ಣು ಒಣಗಿ ಕಲ್ಲಿನಂತಾಗುವುದು. ಯಾವ ಜಾತಿಯವರು ಹೂಂ ಅಂದರು ಎಂಬುದು ವರ್ಷಗಟ್ಟಲೆ ಉಳಿಯುವುದು.

ಆ ದಿನ ಎಲ್ಲರಿಗಿಂತ ಜೋರಾಗಿ ಮಾತಾಡಿದವನು ಪುನುಗುಬೆಕ್ಕು ಪರಿಮಳಯ್ಯ. ಹಿಂದಿನ ದಿನದವರೆಗೆ ರಾಜನ ಮೈಗೆ ಸುಗಂಧ ತೀಡುತ್ತಿದ್ದವನೂ ಅವನೇ.

"ಭೈರವ ಬದುಕಿದ್ರೆ ನಾವ್ಯಾರೂ ಬದುಕಲ್ಲ" ಎಂದು ಕೂಗಿ, ದುಗ್ಗಪ್ಪನ ಕಿವಿಯ ಹತ್ತಿರ ಬಂದ. "ಏನು ಯೋಚನೆ ಮಾಡ್ತೀಯ ದುಗ್ಗಪ್ಪಣ್ಣ? ಊರು ಕಾಲು. ನಿನ್ನ ಪಕ್ಕದಲ್ಲೇ ನಾನೂ ಊರ್ತೀನಿ."

ದುಗ್ಗಪ್ಪ ಮೊದಲು ಎಡಗಾಲು ಎತ್ತಿದ. ಪದ್ಧತಿ ನೆನಪಾಗಿ ಅದನ್ನು ಮಣ್ಣಿನ ಹೊರಗಿನ ಕಲ್ಲುನೆಲದ ಮೇಲೆಯೇ ಇಳಿಸಿ, ಬಲಗಾಲನ್ನು ಮಣ್ಣಿನಲ್ಲಿ ಊರಿದ. ಪಕ್ಕದಲ್ಲಿ ಪರಿಮಳಯ್ಯನ ಪುಟ್ಟ ಪಾದವೂ ಬಿತ್ತು. ಆಮೇಲೆ ಭೈರವನನ್ನು ಕೋಣಗಳ ಹಿಂಡಿನ ಮುಂದೆ ನಿಲ್ಲಿಸಿದರು. ಅದನ್ನು ಬಿಡಿಸಿ ಹೇಳುವುದು ಬೇಡ.

ಮೂರು ವರ್ಷ ಕಳೆಯಿತು. ರಾಜನಿಲ್ಲದೆ ಪ್ರಾಣಿಗಳು ತಮ್ಮತಮ್ಮಲ್ಲೇ ಕಚ್ಚಾಡಿ ಸುಸ್ತಾದವು. ಅಷ್ಟರಲ್ಲಿ ಭೈರವನ ಮಗ ಸೀಳುನಾಯಿಗಳ ದಂಡು ಕಟ್ಟಿಕೊಂಡು ಬೆಟ್ಟದಾಚೆಯಿಂದ ಬರುತ್ತಿದ್ದಾನೆಂದು ಸುದ್ದಿ ಬಂತು. ಸುದ್ದಿ ಕಿವಿಗೆ ಬಿದ್ದ ಕೂಡಲೇ ಪರಿಮಳಯ್ಯ ಬಂಡೆಯ ಮರೆಗೆ ಓಡಿ, ತನ್ನ ಹೆಜ್ಜೆಯನ್ನು ಉಗುರಿನಿಂದ ಕೆರೆದು ಹಾಕಿದ. ಅಲ್ಲಿಂದ ನೆಟ್ಟಗೆ ಗಡಿಗೆ ಹೋಗಿ ಹೊಸ ರಾಜನ ಕಾಲಿಗೆ ಬಿದ್ದ.

"ಆ ಪಾಪದ ದಿನ ನಾನು ಅತ್ತೆಮನೆಗೆ ಹೋಗಿದ್ದೆ ಮಹಾಪ್ರಭು. ಇದ್ದಿದ್ರೆ ಪ್ರಾಣ ಕೊಟ್ಟು ತಡೀತಿದ್ದೆ" ಎಂದು ಅತ್ತ. ಅಳುವುದರಲ್ಲಿ ಅವನು ನಿಪುಣ. ಮಂತ್ರಿಯಾದ.

ಹೊಸ ರಾಜ ಮೂರು ದಿನ ವಿಚಾರಣೆ ನಡೆಸಿದ. ಕಾಡುಕೋಣಗಳು ಆಗಲೇ ಗಡಿ ದಾಟಿದ್ದವು. ಕಡವೆ "ಅದು ಸತ್ತುಹೋದ ನಮ್ಮಣ್ಣನ ಹೆಜ್ಜೆ" ಅಂದಿತು. ಕರಡಿ "ಜೇನು ಹುಡುಕ್ತಾ ಅಲ್ಲಿ ಜಾರಿಬಿದ್ದಿದ್ದೆ" ಅಂದಿತು. ಉಳಿದದ್ದು ಹಂದಿಯ ಹೆಜ್ಜೆ.

"ಯಾವ ಹಂದಿಯದೋ ಹೇಗೆ ಹೇಳೋದು? ನಾಳೆಯೊಳಗೆ ಯಾರೂ ಒಪ್ಪದಿದ್ರೆ ಹಿಂಡನ್ನೇ ಮುಗಿಸಿಬಿಡಿ" ಎಂದು ಸಲಹೆ ಕೊಟ್ಟ ಪರಿಮಳಯ್ಯ. ತನ್ನ ಪಕ್ಕದಲ್ಲಿ ನಿಂತವನ ಬಾಯಿ ಶಾಶ್ವತವಾಗಿ ಮುಚ್ಚಬೇಕಾಗಿತ್ತು ಅವನಿಗೆ.

ರಾಜ ಹಾಗೆಯೇ ಸಾರಿಸಿದ. ಸುದ್ದಿ ಬಂದಾಗ ದುಗ್ಗಪ್ಪ, ಮಳೆಗಾಲಕ್ಕೆ ತುಂಬಿ ಹರಿಯುತ್ತಿದ್ದ ಗಡಿಹೊಳೆಯ ದಂಡೆಯ ಪೊದೆಯಲ್ಲಿದ್ದ. "ಹೊಳೆ ದಾಟಿ ಓಡಿಹೋಗಿ ಅಂದ್ರೆ" ಎಂದು ಹೆಂಡತಿ ಅತ್ತಳು.

"ನಾನು ದಾಟಬಹುದು. ಮರಿಗಳು ಈ ನೀರಿನಲ್ಲಿ ದಾಟ್ತವಾ?" ಅಂದ ಅವನು. ಅವನಿಗೆ ಹೆದರಿಕೆಯಾಗಿತ್ತು. ಆದರೂ ಎದ್ದು ನಡೆದ.

ಬಂಡೆಯ ಮರೆಯಲ್ಲಿ ಹೊಸ ರಾಜ ಕೂತಿದ್ದ.

"ಈ ಹೆಜ್ಜೆ ನಿನ್ನದಾ?"

"ನಂದೇ ಬುದ್ಧಿ."

ಮೂರು ದಿನದಲ್ಲಿ ಹಾಗೆ ಹೇಳಿದವರು ಇನ್ನೊಬ್ಬರಿರಲಿಲ್ಲ. ರಾಜನಿಗೆ ಸೋಜಿಗವಾಯಿತು. "ಇಲ್ಲಿ ಎಷ್ಟೋ ಜನ ಜಾರಿದ್ದಾರಂತೆ. ನೀನೂ ಜಾರಿರಬೇಕು, ಅಲ್ಲವಾ?"

ಪರಿಮಳಯ್ಯ ಒಳಗೇ ಲೆಕ್ಕ ಹಾಕಿದ. ಹಂದಿ ಬಿಡುಗಡೆಯಾದರೆ ನಾಳೆ ಎಲ್ಲವನ್ನೂ ಹೇಳುತ್ತಾನೆ. ಅವನು ನಡುವೆ ಬಾಯಿ ಹಾಕಿದ.

"ಜಾರೋದೆಲ್ಲಿ ಬಂತು ಮಹಾಪ್ರಭು! ಮೊದಲು ಎಡಗಾಲು ಎತ್ತಿದ. ಬಲಗಾಲೇ ಆಗಬೇಕು ಅಂತ ನೆನಪಾಗಿ ಅದನ್ನ ಇಳಿಸಿ, ಬೇಕಂತಲೇ ಬಲಗಾಲು ಊರಿದ."

"ನೀನು ಆ ದಿನ ಅತ್ತೆಮನೆಯಲ್ಲಿದ್ದೆ" ಅಂದ ರಾಜ.

"ಹೌದು ಹೌದು. ಇದನ್ನೆಲ್ಲ ಮಣ್ಣು ನೋಡಿ ತಿಳ್ಕೊಂಡೆ."

"ಬಲಗಾಲು ಮಣ್ಣಿನಲ್ಲಿದೆ. ಎತ್ತಿ ಇಳಿಸಿದ ಎಡಗಾಲು ಎಲ್ಲಿದೆ, ತೋರಿಸು."

ಪರಿಮಳಯ್ಯ ಬಗ್ಗಿ ಮಣ್ಣನ್ನೆಲ್ಲ ಹುಡುಕಿದ. ಬೀಳದ ಹೆಜ್ಜೆ ಎಲ್ಲಿಂದ ಸಿಕ್ಕೀತು? ಸಿಕ್ಕಿದ್ದು ಉಗುರಿನಿಂದ ಕೆರೆದ ಒಂದು ಗುರುತು. ರಾಜನೂ ಅದನ್ನು ನೋಡಿದ.

"ಇಲ್ಲಿ ಯಾರ ಕಾಲಿತ್ತು?" ಎಂದು ದುಗ್ಗಪ್ಪನನ್ನು ಕೇಳಿದ.

"ನನ್ನ ಕಾಲಿನ ಸುದ್ದಿ ನಾನು ಹೇಳ್ತೀನಿ ಬುದ್ಧಿ, ಪಕ್ಕದ್ದನ್ನ ಊರಿದವರೇ ಹೇಳಲಿ. ನಿಮ್ಮಪ್ಪಾಜಿ ನೀರಿಗೆ ಅಡ್ಡ ಕೂತಿದ್ರು, ನಾನು ಅವರಿಗೆ ಕಾವಲು ನಿಂತಿದ್ದೆ. ಆಮೇಲೆ ಗೊತ್ತಿದ್ದೇ ಇಲ್ಲಿ ಕಾಲೂರಿದೆ. ಕಾವಲು ನಿಂತಿದ್ದಕ್ಕೆ ನನಗೆ ನಾಚಿಕೆ ಇದೆ. ಕಾಲೂರಿದ್ದಕ್ಕೆ ಇಲ್ಲ."

ರಾಜ ಹೇಳಿದ: "ನನ್ನಪ್ಪನ ಸಾವಿಗೆ ಕಾಲೂರಿದವನನ್ನ ನಾನು ಕಣ್ಣೆದುರು ಇಟ್ಕೊಳ್ಳಲಾರೆ. ನಿಜ ಹೇಳಿದವನನ್ನ ಕೊಲ್ಲಲೂ ಆರೆ. ಸಂಜೆಯೊಳಗೆ ಒಬ್ಬನೇ ಹೊಳೆ ದಾಟು, ತಿರುಗಿ ಬರಬೇಡ. ನಿನ್ನ ಹಿಂಡು ಇಲ್ಲೇ ಇರಬೇಕು, ಅದಕ್ಕೆ ಏನೂ ಆಗಲ್ಲ."

ಆಮೇಲೆ ಅವನು ಪರಿಮಳಯ್ಯನ ಕಡೆ ತಿರುಗಿದ. ಸೀಳುನಾಯಿಗಳು ಆಗಲೇ ಸುತ್ತುಗಟ್ಟಿದ್ದವು. ಪರಿಮಳಯ್ಯ ಓಡಿಬಂದು ದುಗ್ಗಪ್ಪನ ಕಾಲು ಹಿಡಿದ.

"ದುಗ್ಗಪ್ಪಣ್ಣ, ಈ ಗುರುತು ಪರಿಮಳಯ್ಯನದಲ್ಲ ಅಂತ ಒಂದು ಮಾತು ಹೇಳು. ನಿನ್ನ ಮಾತಾದ್ರೆ ನಂಬ್ತಾರೆ."

ದುಗ್ಗಪ್ಪನಿಗೆ ಅಯ್ಯೋ ಅನ್ನಿಸಿತು. "ನಾನು ಊರಿದೆ ಅಂತ ನೀನೇ ಹೇಳು ಪರಿಮಳಯ್ಯ. ಹೇಳೋವರೆಗೂ ನಿನ್ನ ಪಕ್ಕದಲ್ಲೇ ನಿಂತಿರ್ತೀನಿ" ಅಂದ. ನಿಂತೂ ನಿಂತ.

ಪರಿಮಳಯ್ಯ ರಾಜನ ಮುಖ ನೋಡಿದ, ನಾಯಿಗಳ ಹಲ್ಲು ನೋಡಿದ. "ಅದು... ಸತ್ತುಹೋದ ನಮ್ಮಣ್ಣನ ಹೆಜ್ಜೆ ಇರಬೇಕು ಮಹಾಪ್ರಭು" ಅಂದ. ಅದೇ ಅವನ ಕೊನೆಯ ಮಾತಾಯಿತು.

ದುಗ್ಗಪ್ಪ ಸಂಜೆಗೆ ಮೊದಲೇ ಹೊಳೆ ಈಜಿದ. ಆಚೆ ದಡದಲ್ಲಿ ಒಬ್ಬನೇ ಇನ್ನೂ ಹನ್ನೊಂದು ವರ್ಷ ಬದುಕಿದ. ಹಿಂಡು ಹೊಳೆಗೆ ಬಂದಾಗ ದೂರದಿಂದ ನೋಡುತ್ತಿದ್ದ. ಮರಿಗಳು ದೊಡ್ಡವಾದವು, ಅವಕ್ಕೂ ಮರಿಗಳಾದವು. ಎಷ್ಟೋ ಸಲ ಅವನು ಮೊಣಕಾಲುದ್ದ ನೀರಿಗೆ ಇಳಿದು, ಅಲ್ಲಿಂದಲೇ ಹಿಂದಿರುಗಿದ.

ನೀತಿ: ಮಾಡಿದ್ದನ್ನು ಒಪ್ಪಿಕೊಳ್ಳುವವನು ನೋವು ತಿನ್ನಬೇಕಾದೀತು, ಆದರೆ ಅವನ ಮಾತನ್ನು ಶತ್ರುವೂ ನಂಬುತ್ತಾನೆ. ತನ್ನ ಹೆಜ್ಜೆ ಅಳಿಸಿ ಜೊತೆಯವನ ಹೆಜ್ಜೆ ತೋರಿಸುವವನು ತನ್ನ ಬಾಯಿಂದಲೇ ಸಿಕ್ಕಿಬೀಳುತ್ತಾನೆ.