ನೀರಿಗಿಳಿದ ಪತ್ತಾರ

ಒಂದು ಊರಿನಲ್ಲಿ ಮೌನೇಶಪ್ಪನೆಂಬ ಪತ್ತಾರನಿದ್ದ. ಕಿವಿಯ ಬುಗುಡಿಗೆ, ಮೂಗುತಿಗೆ ಹರಳು ಕೂಡಿಸುವ ಕೆಲಸದಲ್ಲಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಅವನದೇ ಹೆಸರು. ಚಿನ್ನ ತೂಗುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಅರದಿಂದ ಉಜ್ಜಿದ ಚಿನ್ನದ ಪುಡಿ ಬಹಳ ಹಗುರ. ಮೂಗಿನ ಗಾಳಿ ತಾಗಿದರೂ ಹಾರಿಹೋಗುತ್ತದೆ. ಅದು ಮಂದಿಯ ಚಿನ್ನ. ಹಾರಿದರೆ ಪತ್ತಾರನ ಮಾನವೂ ಅದರ ಜೊತೆಗೇ ಹಾರಿತು. ತಕ್ಕಡಿಯ ಮುಂದೆ ಕುಳಿತವನು ಕಲ್ಲಾಗಬೇಕು ಎಂದು ಅವನ ತಂದೆ ಕಲಿಸಿದ್ದ. ಅವನು ಕಲ್ಲಾದ.

ವರ್ಷಗಳು ಕಳೆದವು. ತಕ್ಕಡಿಯ ಮುಂದಿನ ಅಭ್ಯಾಸ ಮೈಯಲ್ಲೆಲ್ಲ ಹರಡಿತು. ಗಿರಾಕಿ ದನಿ ಏರಿಸಿದರೆ ಅವನ ಉಸಿರು ನಿಲ್ಲುತ್ತಿತ್ತು. ಉಣ್ಣಲು ಕುಳಿತಾಗ, ಮಗಳು ಪಕ್ಕದಲ್ಲಿ ಕುಳಿತು ಏನೋ ಹೇಳುವಾಗ, ರಾತ್ರಿ ಹಾಸಿಗೆಯ ಮೇಲೆ ಕಣ್ಣು ಮುಚ್ಚಿದಾಗ, ಎಲ್ಲ ಹೊತ್ತಿನಲ್ಲೂ ಅವನ ಎದೆ ಏನನ್ನೋ ಕಾಯುತ್ತಿರುವಂತೆ ಬಿಗಿದೇ ಇರುತ್ತಿತ್ತು. ಇದು ಅವನಿಗೇ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟೇ: ನಿದ್ದೆ ಹೋಯಿತು, ಎದೆ ಭಾರವಾಯಿತು, ಕಡೆಗೆ ಬಲಗೈ ನಡುಗತೊಡಗಿತು.

ಒಂದು ದಿನ ಪಾಟೀಲರ ಮನೆಯ ಹಿರಿಯಾಕೆ ನೀಲವ್ವ ಎದುರಿಗೇ ಕುಳಿತಿರುವಾಗ ಅವಳ ಬುಗುಡಿಯ ಕೆಂಪು ಹರಳು ಚಿಮಟದಿಂದ ಜಾರಿ ಬಿತ್ತು. ಹುಡುಕಿದಾಗ ಸಿಕ್ಕಿತು. ಆದರೆ ಹರಳು ಬೀಳುವುದಕ್ಕಿಂತ ಮೊದಲೇ ನೀಲವ್ವನ ಕಣ್ಣಿಗೆ ಆ ನಡುಕ ಬಿದ್ದಿತ್ತು. ಅವಳು ಬುಗುಡಿಗಳನ್ನು ಸೆರಗಿಗೆ ಕಟ್ಟಿಕೊಂಡು ಎದ್ದುಹೋದಳು. ಆಮೇಲೆ ಅಂಗಡಿಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಕೈ ಹೋದ ಮೇಲೆ ಪತ್ತಾರನಿಗೆ ಉಳಿಯುವುದೇನು? ಮೌನೇಶಪ್ಪ ಹಗಲೂ ರಾತ್ರಿ ಅದನ್ನೇ ಯೋಚಿಸಿದ. ಯೋಚಿಸಿದಷ್ಟೂ ಕೈ ಹೆಚ್ಚು ನಡುಗಿತು.

ಹೆಂಡತಿ ಕಾಳಮ್ಮ ಅವನನ್ನು ವೈದ್ಯ ಗುರುಸಿದ್ಧಯ್ಯನವರ ಹತ್ತಿರ ಕಳಿಸಿದಳು. ವೈದ್ಯರು ನಾಡಿ ಹಿಡಿದರು, ಕಣ್ಣು ನೋಡಿದರು, ಆಮೇಲೆ ಬಹಳ ಹೊತ್ತು ಅವನ ಎದೆಯನ್ನೇ ನೋಡುತ್ತ ಕುಳಿತರು. ಪುಡಿಯನ್ನೂ ಕೊಡಲಿಲ್ಲ, ಕಷಾಯವನ್ನೂ ಹೇಳಲಿಲ್ಲ. ಮರುದಿನ ಬೆಳಗಾಗುತ್ತಲೇ ಊರ ಹೊಂಡಕ್ಕೆ ಬರಬೇಕೆಂದರು. ಅವರು ಪ್ರಾಯದಿಂದಲೂ ಅಲ್ಲಿ ಈಜುವವರು. ಈ ದಂಡೆಯಿಂದ ಆ ದಂಡೆಗೆ, ಆ ದಂಡೆಯಿಂದ ಈ ದಂಡೆಗೆ.

ಕೈನಡುಕಕ್ಕೆ ಈಜು ಎಂಥ ಮದ್ದು ಎಂದು ಮೌನೇಶಪ್ಪನಿಗೆ ಬೇಸರವಾಯಿತು. ಆದರೂ ಹೋದ. ಚಿಕ್ಕಂದಿನಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಕಲಿತ ಈಜು ಮೈಗೆ ಮರೆತಿರಲಿಲ್ಲ. ಎದೆ ತುಂಬ ಗಾಳಿ ತುಂಬಿಕೊಂಡು, ಬಾಯಿ ಬಿಗಿದು, ಕೈ ಬಡಿದು ಹೊರಟ. ಹೊಂಡದ ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ವೈದ್ಯರು ಹಿಂದೆಯೇ ಬಂದು ರಟ್ಟೆ ಹಿಡಿದು ದಂಡೆಗೆ ಸೇರಿಸಿದರು. ಮೆಟ್ಟಿಲ ಮೇಲೆ ಸ್ನಾನಕ್ಕೆ ಕುಳಿತಿದ್ದ ಗಂಡಸರಿಗೆ ಇದೊಂದು ಮೋಜು. ಪತ್ತಾರ ನೀರಿನಲ್ಲಿ ಬಿದ್ದ ಹರಳು ಹುಡುಕುತ್ತಿದ್ದಾನೆ ಎಂದು ಒಬ್ಬ ನಗಾಡಿದ. ಅದು ಮೌನೇಶಪ್ಪನಿಗೆ ನಾಟಿತು. ಮರುದಿನ ಇನ್ನೂ ಹೆಚ್ಚು ಗಾಳಿ ತುಂಬಿಕೊಂಡ, ಇನ್ನೂ ಜೋರಾಗಿ ಕೈ ಬಡಿದ. ಮತ್ತೆ ಅದೇ ಅರ್ಧ ಹೊಂಡ, ಅದೇ ಕತ್ತಲೆ. ಹೀಗೆಯೇ ಕೆಲವು ದಿನ ನಡೆಯಿತು.

ಒಂದು ಬೆಳಿಗ್ಗೆ ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತು, ತನ್ನ ಎದೆಯಲ್ಲಿ ಗಾಳಿ ಹಿಡಿಯುವಷ್ಟು ಜಾಗವೇ ಉಳಿದಿಲ್ಲ, ನಾಳೆಯಿಂದ ಬರುವುದಿಲ್ಲ ಎಂದುಬಿಟ್ಟ.

ವೈದ್ಯರು ತಲೆ ಒರೆಸಿಕೊಳ್ಳುತ್ತ ಹೇಳಿದರು, "ಜಾಗ ಎಲ್ಲಿಂದ ಬರಬೇಕ್ರಿ ಪತ್ತಾರರ? ನಿನ್ನಿದೂ ಮೊನ್ನಿದೂ ಇನ್ನೂ ಒಳಗ ಇಟ್ಕೊಂಡು ಕುಂತೀರಿ. ಮುಖ ನೀರಾಗ ಇಡ್ರಿ, ಉಸುರು ಬಿಡ್ರಿ."

"ನೀರಾಗ ಉಸುರು ಬಿಟ್ರ ಮುಳುಗಂಗಿಲ್ಲೇನ್ರಿ?"

"ದಿನಾ ಊದುಗೊಳವಿ ಹಿಡದು ಬೆಂಕಿಗೆ ಊದಾವ್ರು, ನೀರಿಗೆ ಊದಾಕ ಯಾಕ ಅಂಜ್ತೀರಿ?"

ಬೆಂಕಿಗೆ ಊದುವಾಗ ಉಸಿರು ಖರ್ಚಾಗುತ್ತದೆಂದು ಮೌನೇಶಪ್ಪ ಎಂದೂ ಹೆದರಿದವನಲ್ಲ. ಊದದಿದ್ದರೆ ಚಿನ್ನ ಕರಗುವುದಿಲ್ಲ, ಅದಕ್ಕೆ ಊದುತ್ತಿದ್ದ. ಅವನು ಮತ್ತೆ ನೀರಿಗಿಳಿದ. ಕಣ್ಣು ತೆರೆದುಕೊಂಡೇ ಮುಖ ಮುಳುಗಿಸಿ, ಬೆಂಕಿಗೆ ಊದುವ ಹಾಗೆ ಸಣ್ಣಗೆ, ಒಂದೇ ಸಮನೆ ಊದಿದ.

ಕಿವಿಯ ಪಕ್ಕದಲ್ಲಿ ಗುಳ್ಳೆಗಳು ಗುಳುಗುಳು ಎಂದು ಮೇಲೆದ್ದವು. ಮೆಟ್ಟಿಲ ಮೇಲಿನ ಮಾತು, ನಗೆ, ಬಟ್ಟೆ ಒಗೆಯುವ ಸದ್ದು, ಎಲ್ಲವೂ ಬೇರೆ ಊರಿಗೆ ಹೋದಂತೆ ದೂರವಾಯಿತು. ಎದೆ ಪೂರ್ತಿ ಖಾಲಿಯಾಯಿತು. ಅಷ್ಟು ಖಾಲಿ ಅದು ಹಿಂದೆಂದೂ ಆಗಿರಲಿಲ್ಲ. ಇನ್ನು ಸತ್ತೆ ಎನಿಸಿದ ಕ್ಷಣದಲ್ಲಿ ಅವನು ಮುಖ ಪಕ್ಕಕ್ಕೆ ಹೊರಳಿಸಿದ. ಗಾಳಿ ತಾನಾಗಿ ಒಳಗೆ ಬಂತು. ಅವನು ಎಳೆದುಕೊಂಡಿರಲಿಲ್ಲ. ಬಾಗಿಲು ತೆರೆದಿದ್ದನ್ನು ಕಂಡು ಬಂದ ನೆಂಟರ ಹಾಗೆ ಅದು ಬಂತು, ಹೊಟ್ಟೆಯ ತಳದವರೆಗೂ ಬಂತು.

ಅವನು ಬೆರಗಾಗಿ ಮತ್ತೆ ಊದಿದ. ಮತ್ತೆ ಬಂತು. ಬಿಟ್ಟಷ್ಟೂ ಬಂತು.

ಕೆಳಗೆ ಹೊಂಡದ ಮೆಟ್ಟಿಲುಗಳು ಒಂದರ ಕೆಳಗೊಂದು ಇಳಿಯುತ್ತ ಹಸಿರು ಕತ್ತಲೆಯಲ್ಲಿ ಕಾಣದಾಗಿದ್ದವು. ಆಗಷ್ಟೇ ಹುಟ್ಟಿದ ಸೂರ್ಯನ ಬೆಳಕು ಕೋಲುಕೋಲಾಗಿ ನೀರೊಳಗೆ ಇಳಿದು ತೂಗಾಡುತ್ತಿತ್ತು. ಅದರೊಳಗೆ ಕಣಗಳು ಹೊಳೆಯುತ್ತ ತೇಲುತ್ತಿದ್ದವು. ಯಾರೂ ಅವುಗಳನ್ನು ತೂಗಬೇಕಿರಲಿಲ್ಲ, ಯಾರೂ ಕಾಯಬೇಕಿರಲಿಲ್ಲ. ಆ ನಿಶ್ಶಬ್ದದಲ್ಲಿ ಒಂದು ಸದ್ದು ಮಾತ್ರ ಕೇಳುತ್ತಿತ್ತು. ದೂರದಲ್ಲಿ ಯಾರೋ ಸುತ್ತಿಗೆ ಬಡಿಯುತ್ತಿದ್ದಾರೆ ಎಂದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಅದು ತನ್ನ ಎದೆಯ ಬಡಿತ. ಹುಟ್ಟಿದಾಗಿನಿಂದ ತನಗಾಗಿ ದುಡಿಯುತ್ತ ಬಂದದ್ದನ್ನು ಅವನು ಆವತ್ತು ಮೊದಲ ಸಲ ಕೇಳಿಸಿಕೊಂಡ. ಕೈಗೆ ಕಲ್ಲು ತಾಗಿದಾಗ ಇದೇಕೆ ಅಡ್ಡ ಬಂತು ಎಂದು ತಲೆ ಎತ್ತಿದ. ಅದು ಆಚೆ ದಂಡೆ.

ಅವನು ಅಲ್ಲಿ ನಿಲ್ಲಲಿಲ್ಲ, ಹೊರಳಿದ. ಅಂದಿನಿಂದ ಚಳಿಯೆನ್ನದೆ ಮೋಡವೆನ್ನದೆ ದಿನಾ ಹೋದ. ಆ ದಂಡೆಯಲ್ಲಿ ಅವನಿಗೆ ಕೆಲಸವಿರಲಿಲ್ಲ, ಈ ದಂಡೆಯಲ್ಲೂ ಇರಲಿಲ್ಲ. ಹೋಗುತ್ತಿದ್ದ, ಬರುತ್ತಿದ್ದ. ಮೆಟ್ಟಿಲ ಮೇಲೆ ನಗುವವರೂ ಕ್ರಮೇಣ ಬೇಸತ್ತು, ತಮ್ಮ ತಮ್ಮ ಸ್ನಾನ ನೋಡಿಕೊಂಡರು.

ಹೀಗಿರುತ್ತ ಒಂದು ಮುಂಜಾನೆ ಈಜಿ ಬಂದವನು ಅಂಗಡಿಯ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತ. ಕುಳಿತಲ್ಲೇ ನಿದ್ದೆ ಹೋದ. ಅದೇ ಹೊತ್ತಿಗೆ ನೀಲವ್ವ ಬಂದಳು. ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು. ಬೇರೆ ಪತ್ತಾರನು ಕೂಡಿಸಿದ ಹರಳು ಅಲುಗಾಡುತ್ತಿತ್ತು. ಮನಸ್ಸಿಲ್ಲದಿದ್ದರೂ ಮೌನೇಶಪ್ಪನ ಕೈಯನ್ನು ಇನ್ನೊಮ್ಮೆ ನೋಡೋಣವೆಂದು ಬಂದಿದ್ದಳು. ಅವಳು ತಿರುಗಿ ಹೋದರೆ ಮತ್ತೆ ಯಾರೂ ಬರುವುದಿಲ್ಲವೆಂದು ಕಾಳಮ್ಮನಿಗೆ ಗೊತ್ತಿತ್ತು. ಗಂಡನನ್ನು ಎಬ್ಬಿಸಲು ಕೈ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು.

"ಎಬ್ಬಸವಾ, ನಂಗ ಹೊತ್ತಾಗ್ತೈತಿ," ಎಂದಳು ನೀಲವ್ವ.

"ಇಲ್ರೀ ಅವ್ವಾರ," ಎಂದಳು ಕಾಳಮ್ಮ, ದನಿ ತಗ್ಗಿಸಿ. "ಈ ಮನಿಗೆ ಬಂದಾಗಿಂದ ಇವರ ಉಸುರಿನ ಸಪ್ಪಳ ನಾ ಕೇಳಿದ್ದಿಲ್ಲ. ಇವತ್ತ ಕೇಳಾಕತ್ತೀನಿ. ಕುಂದರೂದಾದ್ರ ಕುಂದರ್ರಿ."

ನೀಲವ್ವನ ಹುಬ್ಬು ಗಂಟಿಕ್ಕಿತು. ಪಾಟೀಲರ ಮನೆಯವರನ್ನು ಹೀಗೆ ಕಾಯಿಸಿದವರು ಯಾರೂ ಇರಲಿಲ್ಲ. ಆದರೂ ಕುಳಿತಳು. ಉದ್ದಕ್ಕೆ ಹೋಗುತ್ತ, ಉದ್ದಕ್ಕೆ ಬರುತ್ತ ಇದ್ದ ಆ ಉಸಿರು ಅವಳ ಕಿವಿಗೂ ಬಿತ್ತು. ಬೀದಿಯಲ್ಲಿ ಗಾಡಿಗಳು ಹಾದುಹೋದವು. ಹೊತ್ತಾಗುತ್ತದೆ ಎಂದವಳು ಬಿಸಿಲು ಕಟ್ಟೆಗೆ ಏರುವವರೆಗೂ ಕುಳಿತೇ ಇದ್ದಳು.

ಎಚ್ಚರಾದಾಗ ಮೌನೇಶಪ್ಪ ಅವಳನ್ನು ಕಂಡು ಗಾಬರಿಯಾಗಲಿಲ್ಲ. ಬುಗುಡಿ ತೆಗೆದುಕೊಂಡ, ಚಿಮಟ ಹಿಡಿದ. ನೀಲವ್ವ ಅವನ ಕೈಯನ್ನೇ ನೋಡುತ್ತಿದ್ದಳು. ಹರಳು ಜಾರದೆ ಬುಗುಡಿಯೊಳಗಿನ ತನ್ನ ಮನೆಯಲ್ಲಿ ಕುಳಿತುಕೊಂಡಿತು. ಅವಳು ಸೆರಗಿನ ಗಂಟು ಬಿಚ್ಚಿ, ಮೊಮ್ಮಗಳಿಗೆಂದು ತಂದಿದ್ದ ಉಳಿದ ಹರಳುಗಳನ್ನೆಲ್ಲ ಅವನ ಮುಂದೆ ಸುರಿದಳು.

ನೀತಿ: ಎಚ್ಚರವಾಗಿರುವುದು ಬೇರೆ, ಬಿಗಿಯಾಗಿರುವುದು ಬೇರೆ. ಹಿಡಿದಿಟ್ಟುಕೊಂಡೇ ಬದುಕುವವನ ಎದೆಯಲ್ಲಿ ಹೊಸತಕ್ಕೆ ಜಾಗವಿರುವುದಿಲ್ಲ. ದಿನಕ್ಕೆ ಒಂದಿಷ್ಟು ಹೊತ್ತು ಮೈಗೆ ಬಿಡುವುದನ್ನು ಕಲಿಸಿ. ಮನಸ್ಸು ಅದನ್ನು ನೋಡಿ ಕಲಿಯುತ್ತದೆ.