ಅರ್ಧ ತೆರೆದ ತೂಬು

“ಗುರುಗಳೇ, ನಾನು ಎಡಬಿಡಂಗಿಯೇ?” ಎಂದು ಶಿಷ್ಯ ಕೇಳಿದ. ಊರಿನ ಎರಡು ಪಕ್ಷದವರೂ ಅವನನ್ನು ಹಾಗೆ ಕರೆದಿದ್ದರು. ಅವನಿಗೆ ನೋವಾಗಿತ್ತು. “ಒಬ್ಬರು ಹತ್ತು ಎನ್ನುತ್ತಾರೆ, ಇನ್ನೊಬ್ಬರು ಎರಡು ಎನ್ನುತ್ತಾರೆ. ನಾನು ಆರು ಎನ್ನುತ್ತೇನೆ. ಆದರೂ ಯಾರೂ ನನ್ನನ್ನು ನಂಬುವುದಿಲ್ಲ. ಮಧ್ಯಮ ಮಾರ್ಗ ಎಂದರೆ ಇದೇ ಅಲ್ಲವೇ?”

ಗುರುಗಳು ನಕ್ಕರು. “ಕೂತುಕೋ, ಒಂದು ಕತೆ ಕೇಳು” ಎಂದರು.

ಒಂದು ಊರಿನಲ್ಲಿ ಒಂದು ಕೆರೆ, ಎರಡು ಕೇರಿ. ಕೆಳಕೇರಿಯವರಿಗೆ ಗದ್ದೆಗಳಿದ್ದವು, ಕೆರೆಯ ನೀರು ಹೊರಬಿಡುವ ತೂಬು ತೆರೆದೇ ಇರಬೇಕು ಎನ್ನುತ್ತಿದ್ದರು. ಮೇಲುಕೇರಿಯವರಿಗೆ ದನಗಳಿದ್ದವು, ಮೀನಿನ ಆಸೆಯೂ ಇತ್ತು. ತೂಬು ಮುಚ್ಚಿಯೇ ಇರಬೇಕು ಎನ್ನುತ್ತಿದ್ದರು. ತೂಬು ನೋಡಿಕೊಳ್ಳುವ ನೀರಗಂಟಿ ದಿನವೂ ಕೆರೆಯ ಏರಿಯ ಮೇಲೆ ನಡೆದು ನೀರು ನೋಡುತ್ತಿದ್ದ. ತುಂಬಿದ್ದರೆ ತೆರೆಯುತ್ತಿದ್ದ, ತಗ್ಗಿದ್ದರೆ ಮುಚ್ಚುತ್ತಿದ್ದ. ತೆರೆದ ದಿನ ಮೇಲುಕೇರಿಯವರು ಬೈಯುತ್ತಿದ್ದರು, ಮುಚ್ಚಿದ ದಿನ ಕೆಳಕೇರಿಯವರು. ಅವನು ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿ ಮಲಗುತ್ತಿದ್ದ.

ಜಗಳ ಕೇಳಿ ಕೇಳಿ ಬೇಸತ್ತ ಹಿರಿಯರು ಪಂಚಾಯಿತಿ ಸೇರಿಸಿದರು. ಇನ್ನು ಮುಂದೆ ತೂಬು ಯಾವಾಗಲೂ ಅರ್ಧ ತೆರೆದಿರಲಿ ಎಂದು ತೀರ್ಮಾನವಾಯಿತು. ತೂಬಿನ ಬಾಯಿಯ ಹಲಗೆಯನ್ನು ಅರ್ಧಕ್ಕೆ ಎತ್ತಿ ಮೊಳೆ ಹೊಡೆದರು. ಎಂಥ ನ್ಯಾಯ ಎಂದು ಎರಡು ಕೇರಿಯವರೂ ಒಟ್ಟಿಗೆ ಕೂತು ಪಾಯಸ ಉಂಡರು.

ಆ ವರ್ಷ ಮಳೆ ಬಿಡದೆ ಹೊಯ್ಯಿತು. ಕೋಡಿ ಹರಿದದ್ದೂ ಸಾಲದೆ ನೀರು ಏರಿಯ ಅಂಚಿಗೆ ಬಂತು. ಏರಿ ಒಡೆದರೆ ಗದ್ದೆಯೂ ಇಲ್ಲ, ಕೆರೆಯೂ ಇಲ್ಲ. ನೀರಗಂಟಿ ಮೊಳೆ ಕೀಳತೊಡಗಿದ. ಮೇಲುಕೇರಿಯ ಗೌಡ ಓಡಿ ಬಂದ.

“ಪಂಚಾಯಿತಿ ಮಾತು ಮುರೀತೀಯಾ? ನೀನು ಕೆಳಕೇರಿಯವರ ಪೈಕೀನೇ ಅಂತ ನಂಗೆ ಮೊದಲೇ ಗೊತ್ತಿತ್ತು ಕಣೋ!”

“ಬೈಯಿರಿ ಗೌಡ್ರೇ, ಬೈತಾನೇ ಈ ಹಲಗೆ ತುದಿ ಒಂಚೂರು ಹಿಡ್ಕೊಳಿ. ನನ್ನೊಬ್ಬನ ಕೈಲಿ ಏಳಲ್ಲ.”

ಗೌಡ ನೀರಿನ ಕಡೆ ನೋಡಿದ. ಬೈಯುತ್ತಲೇ ಹಲಗೆ ಹಿಡಿದ. ತೂಬು ಪೂರ್ತಿ ತೆರೆಯಿತು, ಏರಿ ಉಳಿಯಿತು. ಬೇಸಿಗೆಯಲ್ಲಿ ನೀರಗಂಟಿ ಅದೇ ತೂಬನ್ನು ಪೂರ್ತಿ ಮುಚ್ಚಿದಾಗ ಬೈಯುವ ಸರದಿ ಕೆಳಕೇರಿಯವರದಾಯಿತು. ಮತ್ತೆ ಮೊಳೆ ಹೊಡೆಯುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಕತೆ ಮುಗಿಯುವಷ್ಟರಲ್ಲಿ ಶಿಷ್ಯನ ಮುಖ ಅರಳಿತ್ತು. “ಹಾಗಾದರೆ ನಾನೂ ಆ ನೀರಗಂಟಿಯ ಹಾಗೆಯೇ! ನನ್ನನ್ನೂ ಎರಡು ಕಡೆಯವರು ಬೈಯುತ್ತಾರಲ್ಲ” ಎಂದ.

ಗುರುಗಳು ಅವನ ಬೆನ್ನು ತಟ್ಟಿದರು. “ಬೈಗುಳವೇನೋ ಒಂದೇ, ಮಗು, ಆದರೆ ಆರು ಎನ್ನುವ ಮುಂಚೆ ನೀನು ಒಮ್ಮೆಯಾದರೂ ನೀರು ನೋಡಿದ್ದೆಯಾ?”